ಶ್ಲೀಪದವೂ ಒಂದು ಸೀಸೆ ಮೂತ್ರವೂ



ಈ ತಿಂಗಳು ನಾನು ಎತ್ತಿಕೊಂಡಿರುವ ವಿಷಯವು ಊಟದ ಹೊತ್ತಿನಲ್ಲಿ ಓದತಕ್ಕದ್ದಲ್ಲ. ಆದಕಾರಣ ಬಡಿಸಿದ ಎಲೆಯ ಮುಂದೆ ಪತ್ರಿಕೆಯನ್ನು ಹಿಡಿದು ಕುಳಿತಿರುವವರು ಈ ಪುಟವನ್ನು ಮಡಿಸಿಟ್ಟು, ಕೈತೊಳೆದ ಮೇಲೆ ತೆರೆಯಬಹುದು. ಆದರೆ ತೆರೆಯದೆ ಮಾತ್ರ ಬಿಡಬಾರದೆಂದು ನನ್ನ ಪ್ರಾರ್ಥನೆ.

ಎರಡು ತಿಂಗಳ ಕೆಳಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ನಮ್ಮ ದೊಡ್ಡಬಳ್ಳಾಪುರದಲ್ಲಿ ನಾಲ್ಕು ವಿದ್ಯುತ್ ಮಗ್ಗಗಳನ್ನು ಇಟ್ಟುಕೊಂಡು ಸೀರೆ ನೇಯಿಸುವ ಸಂಸಾರಸ್ಥ. ಮಗ್ಗದ ಮನೆಯ ಹಿಂದಿನ ವಠಾರದಲ್ಲಿ ಅವನಿಗೆ ಸೇರಿದ ಮೂರು ಬಿಡಾರಗಳುಂಟು. ಅವುಗಳಲ್ಲೊಂದರಲ್ಲಿ ಸುರಪುರದ ಕಡೆಯಿಂದ ಬಂದ ದಂಪತಿಗಳು ಏಳು ವರ್ಷದ ಹೆಣ್ಣು ಮಗುವಿನೊಡನೆ ವಾಸವಾಗಿದ್ದಾರೆ. ಗಂಡನು ಮಗ್ಗ ನಡೆಸುವನು, ಹೆಂಡತಿಯು ಕಂಡಿಕೆ ಸುತ್ತುವಳು. ಆಕೆಯ ಎಡಗಾಲು ಮೊಳಕಾಲಿನ ಕೆಳಗೆ ದಪ್ಪವಾಗಿರುವುದನ್ನು ಪಕ್ಕದ ಮನೆಯವರು ನೋಡಿ, ಅದು ಆನೆಕಾಲು ರೋಗವೆಂದೂ, ಮಕ್ಕಳುಮರಿಗಳಿರುವ ವಠಾರದಲ್ಲಿ ಅವರನ್ನು ಇರಗೊಡಬಾರದೆಂದೂ ಹಟ ಹಿಡಿದಿದ್ದರು.

"ಮೇಷ್ಟ್ರೇ, ಬಿಡಾರ ಖಾಲಿ ಮಾಡಿ ಅಂತ ಹೇಳೋದಕ್ಕೆ ನನಗೆ ಬಾಯಿ ಬರೋದಿಲ್ಲ. ಹೇಳದೆ ಇದ್ದರೆ ಉಳಿದವರು ಬಿಡೋದಿಲ್ಲ. ನೀವು ನಾಲ್ಕು ಪುಸ್ತಕ ಓದಿದವರು, ನೀವೇ ಹೇಳಿ," ಎಂದನು.

ನಾನು ಓದಿದ ನಾಲ್ಕು ಪುಸ್ತಕಗಳು ಬಹುಮಟ್ಟಿಗೆ ಸಂಸ್ಕೃತದವು. ಆದುದರಿಂದ ಅವನನ್ನು ಕಳುಹಿಸಿಕೊಟ್ಟು ಮೊದಲು ಸುಶ್ರುತಸಂಹಿತೆಯ ನಿದಾನಸ್ಥಾನವನ್ನು ತೆಗೆದೆನು. ಈ ರೋಗಕ್ಕೆ ಅಲ್ಲಿ ಶ್ಲೀಪದವೆಂದು ಹೆಸರು. ಕಾಲು ಕಲ್ಲಿನಂತಾಗುವುದರಿಂದ ಆ ಹೆಸರು ಬಂದಿತೆಂದು ವೈಯಾಕರಣರು ಬಿಡಿಸಿ ಹೇಳುವರು. ಹಳೆಯ ನೀರು ಬಹಳವಾಗಿ ನಿಂತು ಎಲ್ಲಾ ಋತುಗಳಲ್ಲಿಯೂ ತಂಪಾಗಿರುವ ದೇಶಗಳಲ್ಲಿ ಇದು ವಿಶೇಷವಾಗಿ ಹುಟ್ಟುವುದೆಂದು ಆ ಗ್ರಂಥವು ಹೇಳುತ್ತದೆ. ನಿಂತ ನೀರಿಗೂ ಕಾಲಿಗೂ ನಡುವೆ ಸೊಳ್ಳೆಯೆಂಬ ದೂತನಿರುವುದನ್ನು ಆ ಆಚಾರ್ಯರು ಕಾಣಲಿಲ್ಲ. ಆದರೆ ನಿಂತ ನೀರನ್ನು ಕಂಡರು. ಅಷ್ಟಕ್ಕೆ ಅವರನ್ನು ಹೊಗಳೋಣ. ಎಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಜಂಬ ಕೊಚ್ಚಿಕೊಳ್ಳುವುದು ಅವರಿಗೆ ಮಾಡುವ ಗೌರವವಲ್ಲ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಒಂದು ಸಂವತ್ಸರ ದಾಟಿದುದನ್ನೂ, ಅತಿಯಾಗಿ ಬೆಳೆದುದನ್ನೂ, ಹುತ್ತದಂತೆ ಎದ್ದುದನ್ನೂ ವೈದ್ಯನು ಬಿಟ್ಟುಬಿಡತಕ್ಕದ್ದೆಂದು. ಓದುತ್ತಿದ್ದ ನನಗೆ ಅಲ್ಲಿಯೇ ಬೆರಳು ನಿಂತಿತು.

ಏತಕ್ಕೆಂದರೆ, ನನ್ನ ಸೋದರತ್ತೆಯೊಬ್ಬರನ್ನು ಉಡುಪಿಯ ಕಡೆಗೆ ಕೊಟ್ಟಿದ್ದರು. ಪುಷ್ಯ ಮಾಸದಲ್ಲಿ ಘಾಟಿ ಸುಬ್ರಹ್ಮಣ್ಯದ ತೇರಿಗೆಂದು ಎರಡು ಮೂರು ವರ್ಷಕ್ಕೊಮ್ಮೆ ತವರಿಗೆ ಬರುತ್ತಿದ್ದರು. ನಾನು ಎಂಟೊಂಬತ್ತು ವರ್ಷದ ಹುಡುಗ. ಮನೆಯವರೆಲ್ಲರೂ ಸಂಜೆಯ ಹೊತ್ತು ಜಗಲಿಯ ಮೇಲೆ ಕಾಲು ಇಳಿಬಿಟ್ಟುಕೊಂಡು ಕುಳಿತರೆ, ಅತ್ತೆ ಮಾತ್ರ ನಡುಮನೆಯಲ್ಲಿಯೇ ಸೀರೆಯ ನೆರಿಗೆಯನ್ನು ಪಾದದ ಮೇಲೆ ಎಳೆದುಕೊಂಡು ಕುಳಿತಿರುವರು. ತೇರಿನ ದಿನವೂ ಅವರು ಬೆಟ್ಟದ ತಪ್ಪಲಿಗೆ ಬರಲಿಲ್ಲ. ಮನೆ ಕಾಯುತ್ತೇನೆ ಎಂದರು. ಅವರ ಕಾಲನ್ನು ನಾನು ಒಂದೇ ಸಲ, ಬಚ್ಚಲಿನ ಬಾಗಿಲಲ್ಲಿ, ಆಕಸ್ಮಿಕವಾಗಿ ನೋಡಿದೆನು. ನೋಡಿ ಹೆದರಿ ಓಡಿದೆನು. ಆಮೇಲೆ ಅವರು ಕೈಯಲ್ಲಿ ಕೊಟ್ಟ ಕೊಬ್ಬರಿ ಮಿಠಾಯಿಯನ್ನು ನಾನು ತಿನ್ನದೆ ಹಿತ್ತಲಲ್ಲಿ ಎಸೆದುದು ಅವರ ಕಣ್ಣಿಗೆ ಬಿತ್ತು. ಅವರು ಏನೂ ಹೇಳಲಿಲ್ಲ. ಐವತ್ತು ವರ್ಷವಾಯಿತು. ಇರಲಿ.

ಪ್ರಕೃತ ವಿಷಯಕ್ಕೆ ಬರೋಣ. ಈ ರೋಗಕ್ಕೆ ಕಾರಣವಾದುದು ನೂಲಿನ ಎಳೆಯಂತಿರುವ ಒಂದು ಹುಳು. ನಮ್ಮ ದೇಶದಲ್ಲಿ ಬಹುತೇಕ ಎಲ್ಲ ಕಡೆಯೂ ಇರುವ ಜಾತಿಗೆ ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂದು ಹೆಸರು. ದೊಡ್ಡ ಹುಳುಗಳು ಮನುಷ್ಯನ ದುಗ್ಧರಸ ನಾಳಗಳಲ್ಲಿ ಗೂಡುಮಾಡಿಕೊಂಡು ನಾಲ್ಕಾರು ವರ್ಷ, ಕೆಲವು ವೇಳೆ ಅದಕ್ಕೂ ಹೆಚ್ಚು ಕಾಲ ಜೀವಿಸಿ, ಲಕ್ಷಾಂತರ ಸೂಕ್ಷ್ಮ ಮರಿಗಳನ್ನು ಹೆರುತ್ತವೆ. ಮರಿಗಳು ಹಗಲೆಲ್ಲಾ ಶ್ವಾಸಕೋಶಗಳ ಸಣ್ಣ ರಕ್ತನಾಳಗಳಲ್ಲಿ ಅಡಗಿದ್ದು, ರಾತ್ರಿಯಾದ ಮೇಲೆ ಚರ್ಮದ ಸಮೀಪದ ರಕ್ತಕ್ಕೆ ಬರುತ್ತವೆ. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯು ಕಚ್ಚುವ ಹೊತ್ತೂ ಅದೇ. ಸೊಳ್ಳೆಯ ಹೊಟ್ಟೆಗೆ ಹೋದ ಮರಿಯು ಅದರ ಮೈಯೊಳಗೆ ಹತ್ತು ಹದಿನಾಲ್ಕು ದಿನ ಬೆಳೆದು ಬೇರೊಬ್ಬನ ಮೈ ಸೇರುತ್ತದೆ. ಸೊಳ್ಳೆಯಿಲ್ಲದೆ ಇದು ಒಬ್ಬರಿಂದ ಒಬ್ಬರಿಗೆ ಹೋಗತಕ್ಕದ್ದಲ್ಲ. ಮುಟ್ಟುವುದರಿಂದ, ಒಂದೇ ಬಾವಿಯ ನೀರು ಕುಡಿಯುವುದರಿಂದ, ಒಂದೇ ಚಾಪೆಯಲ್ಲಿ ಕೂರುವುದರಿಂದ, ಕೊಬ್ಬರಿ ಮಿಠಾಯಿ ತಿನ್ನುವುದರಿಂದ ಇದು ಅಂಟುವುದಿಲ್ಲ. ಸೊಳ್ಳೆಯೂ ಒಂದೆರಡು ಸಲ ಕಚ್ಚಿದರೆ ಸಾಲದು. ರೋಗವುಳ್ಳ ಊರಿನಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಚ್ಚಿಸಿಕೊಂಡವರಿಗೇ ಇದು ನೆಲೆಸುವುದು.

ಇನ್ನೂ ಒಂದು ವಿಷಯವುಂಟು. ವಠಾರದವರಿಗೆ ಇದನ್ನು ತಿಳಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಕಾಲು ಬಾತು ಗಟ್ಟಿಯಾದವರ ರಕ್ತದಲ್ಲಿ ಬಹುಮಟ್ಟಿಗೆ ಮರಿಗಳೇ ಇರುವುದಿಲ್ಲ. ಹುಳು ಸತ್ತು, ಅದು ಕೆಡಿಸಿಹೋದ ನಾಳ ಮಾತ್ರ ಉಳಿದಿರುತ್ತದೆ. ಸೊಳ್ಳೆಗೆ ಮರಿಗಳನ್ನು ಒದಗಿಸುವವನು ಕಾಲು ನೆಟ್ಟಗಿರುವ, ನೋಡಲು ದೃಢಕಾಯನಾದ, ತನಗೆ ಏನೂ ಇಲ್ಲವೆಂದು ತಿಳಿದಿರುವ ಮನುಷ್ಯ. ಹೀಗಾಗಿ ನಾವು ಹೊರಗಟ್ಟಲು ಹೊರಟಿರುವುದು ಅಪಾಯವಿಲ್ಲದವರನ್ನು!

ಹಾಗಾದರೆ ಆ ದೃಢಕಾಯನನ್ನು ಗುರುತಿಸುವುದು ಹೇಗೆ? ಈ ಪ್ರಶ್ನೆಗೆ ವೈದ್ಯಶಾಸ್ತ್ರಜ್ಞರು ಕೊಟ್ಟಿರುವ ಉತ್ತರಗಳಲ್ಲಿ ಒಂದು ಮೂತ್ರದಲ್ಲಿರುವುದರಿಂದಲೇ ನಾನು ಈ ಲೇಖನಕ್ಕೆ ಕೈ ಹಾಕಿದೆನು. ವಿಚಿತ್ರವೇನೆಂದರೆ, ಈ ಹುಳುವಿನ ಮರಿಯು ಆರಂಭದ ದಿನಗಳಲ್ಲಿ ಪಂಡಿತರ ಕಣ್ಣಿಗೆ ಮೂತ್ರದಲ್ಲಿಯೂ ಬಿದ್ದಿತ್ತು. 1866ರಲ್ಲಿ ಬ್ರೆಜಿಲ್ ದೇಶದ ಬಾಹಿಯಾ ಪಟ್ಟಣದಲ್ಲಿ ವುಕೆರರ್ ಎಂಬ ವೈದ್ಯನು ರೋಗಿಯ ಮೂತ್ರದಲ್ಲಿ ಅದನ್ನು ಕಂಡನು. 1870ರಲ್ಲಿ ನಮ್ಮ ಕಲ್ಕತ್ತೆಯಲ್ಲಿ ತಿಮೊಥಿ ಲೂಯಿಸ್ ಎಂಬವನು ಹಾಲಿನಂತೆ ಬೆಳ್ಳಗಿದ್ದ ಮೂತ್ರದಲ್ಲಿ ಅದನ್ನೇ ಕಂಡು, 1872ರಲ್ಲಿ ಮನುಷ್ಯನ ರಕ್ತದಲ್ಲಿಯೂ ತೋರಿಸಿಕೊಟ್ಟನು. ಪೂರ್ಣ ಬೆಳೆದ ಹುಳುವನ್ನು 1876ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಬ್ಯಾಂಕ್ರಾಫ್ಟನು ಪತ್ತೆಮಾಡಿದನು. ಸೊಳ್ಳೆಯ ಕೈವಾಡವನ್ನು 1877ರಲ್ಲಿ ಚೀನಾದ ಅಮೋಯ್ ಬಂದರಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ನನು ಹೊರಗೆಡವಿದನು. ಹುಳುವಿನ ಎರಡು ಹೆಸರುಗಳಲ್ಲಿ ಇಬ್ಬರು ವೈದ್ಯರು ಅಡಗಿರುವುದನ್ನು ವಾಚಕರು ಈಗ ಗಮನಿಸಿರಬಹುದು.

ಬಹು ಕಾಲದವರೆಗೆ ಗುರುತಿಸುವ ಉಪಾಯವು ಒಂದೇ ಆಗಿತ್ತು. ರಾತ್ರಿ ಎಂಟೂವರೆಯ ಮೇಲೆ ನಡುರಾತ್ರಿಯೊಳಗೆ ಮನೆಮನೆಗೆ ಹೋಗಿ, ಮಲಗಿದವರನ್ನು ಎಬ್ಬಿಸಿ, ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಬಳಿದು ಸೂಕ್ಷ್ಮದರ್ಶಕದಲ್ಲಿ ಹುಡುಕುವುದು. ಮರಿಗಳು ವಿರಳವಾಗಿದ್ದರೆ ಅವು ಆ ಒಂದು ಹನಿಯಲ್ಲಿ ಸಿಕ್ಕದೆ ಹೋಗಬಹುದು. ನಿದ್ದೆಗಣ್ಣಿನ ಮಗುವಿನ ಕೈ ಹಿಡಿಯಲು ಬಂದ ಸಿಬ್ಬಂದಿಯ ಮುಂದೆ ಬಾಗಿಲು ಹಾಕಿಕೊಳ್ಳುವ ತಾಯಿಯನ್ನು ನಾನು ತಪ್ಪೆಂದು ಹೇಳಲಾರೆ. ಈಗ ಬೆರಳ ತುದಿಯ ರಕ್ತವನ್ನು ಕಾಗದದ ಪಟ್ಟಿಯ ಮೇಲೆ ಇಟ್ಟು ಹತ್ತು ನಿಮಿಷದಲ್ಲಿ ನೋಡುವ ಪರೀಕ್ಷೆ ಬಂದಿದೆ. ಇದು ಹುಳು ಸುರಿಸುವ ದ್ರವ್ಯವನ್ನು ಹಿಡಿಯುವುದರಿಂದ ಹಗಲಿನಲ್ಲಿಯೂ ಮಾಡಬಹುದು. ಆದರೂ ಚುಚ್ಚುವುದು ತಪ್ಪಲಿಲ್ಲ.

ಮೂತ್ರದ ಪರೀಕ್ಷೆಯ ತತ್ತ್ವ ಬೇರೆ. ಪರಕೀಯವಾದ ಜೀವವೊಂದು ಮೈಯೊಳಗೆ ನುಗ್ಗಿದರೆ ರಕ್ತವು ಅದಕ್ಕೆ ತಕ್ಕ ಪ್ರತಿಕಾಯಗಳನ್ನು ಸಿದ್ಧಪಡಿಸುತ್ತದೆ. ಅವುಗಳಲ್ಲಿ ಐಜಿಜಿ-4 ಎಂಬ ಒಂದು ವರ್ಗವು ಈ ಹುಳುವಿಗೆ ವಿಶೇಷವಾಗಿ ಏರುತ್ತದೆ. ಮೂತ್ರಪಿಂಡಗಳ ಮೂಲಕ ಅದರ ಅತ್ಯಲ್ಪ ಭಾಗ, ಸಮುದ್ರಕ್ಕೆ ಸೇರಿದ ಚಮಚೆಯ ಪಾನಕದಂತೆ, ಮೂತ್ರಕ್ಕೂ ಬರುತ್ತದೆ. ಆ ಅತ್ಯಲ್ಪವನ್ನು ಹಿಡಿಯುವ ಉಪಾಯವನ್ನು ಜಪಾನಿನ ಐಚಿ ವೈದ್ಯಕೀಯ ವಿಶ್ವವಿದ್ಯಾಲಯದ ಮಕೋಟೋ ಇಟೋ, ಐಸಾಕು ಕಿಮುರಾ, ಸಿಂಹಳದ ರುಹುಣ ವಿಶ್ವವಿದ್ಯಾಲಯದ ಮಿರಾನಿ ವೀರಸೂರಿಯ ಮೊದಲಾದ ವಿದ್ವಾಂಸರು ಸೇರಿ 2001ರಲ್ಲಿ ಪ್ರಕಟಿಸಿದರು.

ಕ್ರಮ ಹೀಗೆ. ಸಣ್ಣ ಸಣ್ಣ ಕುಳಿಗಳಿರುವ ಒಂದು ತಟ್ಟೆ. ನಮ್ಮ ಪಡ್ಡಿನ ಕಾವಲಿಯನ್ನು ಬಹಳ ಕುಗ್ಗಿಸಿದರೆ ಹೇಗೋ ಹಾಗೆ. ಕುಳಿಗಳ ತಳಕ್ಕೆ ಇದೇ ಕುಲಕ್ಕೆ ಹತ್ತಿರವಾದ, ಪ್ರಾಣಿಗಳಲ್ಲಿರುವ ಒಂದು ಹುಳುವಿನ ಸಾರವನ್ನು ಲೇಪಿಸಿರುತ್ತಾರೆ. ಮೇಲೆ ಮೂತ್ರವನ್ನು ಹಾಕಿ ಒಂದು ರಾತ್ರಿ ಬಿಡುತ್ತಾರೆ. ಪ್ರತಿಕಾಯವಿದ್ದರೆ ಆ ಲೇಪಕ್ಕೆ ಅಂಟಿಕೊಳ್ಳುತ್ತದೆ, ತೊಳೆದರೂ ಹೋಗುವುದಿಲ್ಲ. ಅನಂತರ ಪ್ರತಿಕಾಯವನ್ನೇ ಹುಡುಕಿ ಹಿಡಿಯುವ ಇನ್ನೊಂದು ದ್ರವ್ಯವನ್ನೂ, ಬಣ್ಣ ಬರಿಸುವ ದ್ರವ್ಯವನ್ನೂ ಕ್ರಮವಾಗಿ ಹಾಕಿದರೆ, ಅಂಟಿದ ಕುಳಿಯು ಬಣ್ಣ ತಾಳುತ್ತದೆ, ಅಂಟದ ಕುಳಿಯು ತಿಳಿಯಾಗಿ ಉಳಿಯುತ್ತದೆ. ಬಣ್ಣ ಹಿಡಿಯುವ ನೂಲನ್ನೂ ಹಿಡಿಯದ ನೂಲನ್ನೂ ದಿನವೂ ನೋಡುವ ನಮ್ಮೂರಿನವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಇದಕ್ಕೆ ಎಲೈಸಾ ಎಂದು ಹೆಸರು.

ನಮ್ಮ ಆಯುರ್ವೇದದಲ್ಲಿಯೂ ಮೂತ್ರಪರೀಕ್ಷೆಯುಂಟು. ಎಂಟು ಬಗೆಯ ಪರೀಕ್ಷೆಗಳನ್ನು ಹೇಳುವ ಯೋಗರತ್ನಾಕರದಲ್ಲಿ, ಮೂತ್ರದ ಮೇಲೆ ಎಣ್ಣೆಯ ಬಿಂದುವನ್ನು ಬಿಟ್ಟು ಅದು ಹರಡುವ ರೀತಿಯಿಂದ ರೋಗದ ಸಾಧ್ಯಾಸಾಧ್ಯಗಳನ್ನು ಊಹಿಸುವ ಕ್ರಮವಿದೆ. ಎರಡನ್ನೂ ಒಂದೇ ಎನ್ನುವವರು ನನಗೆ ಸಿಕ್ಕಿದ್ದಾರೆ. ಒಂದಲ್ಲ. ಪಾತ್ರೆಯಲ್ಲಿರುವ ವಸ್ತು ಒಂದು, ಅಷ್ಟೆ.

ಈ ಪರೀಕ್ಷೆಯಿಂದ ಮಕ್ಕಳಿಗೆ ಆಗುವ ಉಪಕಾರವು ದೊಡ್ಡದು. ಈ ಸೋಂಕು ಬಹುಮಟ್ಟಿಗೆ ಬಾಲ್ಯದಲ್ಲಿಯೇ ಹಿಡಿಯುತ್ತದೆ. ಕಾಲು ಬಾಯುವುದು ಹತ್ತಾರು ವರ್ಷಗಳ ಬಳಿಕ. ಸಿಂಹಳದಲ್ಲಿ ಐದು ವರ್ಷ ತುಂಬದ ಮಕ್ಕಳ ಮೂತ್ರವನ್ನು ಸಹ ಹೀಗೆ ಪರೀಕ್ಷಿಸಿ, ಸೋಂಕು ತಗುಲಿದುದನ್ನು ಗುರುತಿಸಿ ಔಷಧ ಕೊಟ್ಟರು. ಶಾಲೆಯಲ್ಲಿ ಬೆಳಗ್ಗೆ ಒಂದು ಸೀಸೆ ಕೊಟ್ಟರೆ ಮಗುವು ನಗುತ್ತಾ ಹೋಗಿ ತುಂಬಿಕೊಂಡು ಬರುತ್ತದೆ; ಸೂಜಿಯ ಅಳುವಿಲ್ಲ. ಕೆಡದಂತೆ ಸ್ವಲ್ಪ ಔಷಧ ಬೆರೆಸಿದರೆ ದೂರದ ಪ್ರಯೋಗಶಾಲೆಗೂ ಕಳುಹಿಸಬಹುದು. ಗುಳಿಗೆಗಳನ್ನು ಹಂಚಿದ ಮೇಲೆ ಹುಟ್ಟಿದ ಮಕ್ಕಳಲ್ಲಿ ಪ್ರತಿಕಾಯವು ಕಾಣಿಸಿದರೆ, ಆ ಊರಿನಲ್ಲಿ ಸೊಳ್ಳೆಯ ವ್ಯಾಪಾರ ಇನ್ನೂ ನಿಂತಿಲ್ಲವೆಂದು ತಿಳಿಯಬಹುದು. ಸಿಂಹಳವು ಈ ರೋಗವನ್ನು ಸಾರ್ವಜನಿಕ ಪೀಡೆಯಾಗಿ ಉಳಿಯದಂತೆ ಮಾಡಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಒಪ್ಪಿಕೊಂಡಿತು. ಅದು ಮೂತ್ರಪರೀಕ್ಷೆಯೊಂದರಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಗುಳಿಗೆಯಿಂದಲೂ ದೀರ್ಘಕಾಲದ ಶ್ರಮದಿಂದಲೂ ಆಯಿತು. ಬಿಹಾರ, ಬಂಗಾಳಗಳನ್ನು ಕಾಡಿದ ಕಾಲಾ ಆಜಾರ್ ಜ್ವರಕ್ಕೂ ಇದೇ ಜಪಾನೀಯರು ಬಾಂಗ್ಲಾದೇಶದವರೊಡನೆ ಸೇರಿ ಮೂತ್ರದಲ್ಲಿ ಪ್ರತಿಕಾಯವನ್ನು ಹುಡುಕುವ ಕ್ರಮಗಳನ್ನು ಪರೀಕ್ಷಿಸಿದ್ದಾರೆ.

ಆದರೆ ದೋಷವನ್ನೂ ಹೇಳಬೇಕು. ನಾನು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಶಾಲೆಯಲ್ಲಿ ಪುಸ್ತಕ ಬರೆದವನು. ಆ ಭಾಷೆಯಲ್ಲಿಯೇ ಹೇಳುತ್ತೇನೆ. ಪ್ರತಿಕಾಯವೆಂಬುದು ದಾಖಲಾತಿ ಪುಸ್ತಕವಿದ್ದಂತೆ. ಅದರಲ್ಲಿ ಹೆಸರಿದ್ದರೆ ಹುಡುಗನು ಎಂದೋ ಶಾಲೆಗೆ ಸೇರಿದ್ದನೆಂದು ತಿಳಿಯುತ್ತದೆ. ಈ ಹೊತ್ತು ಅವನು ಮಣೆಯ ಮೇಲಿರುವನೋ, ಮಾವಿನ ತೋಪಿನಲ್ಲಿರುವನೋ, ಶಾಲೆ ಬಿಟ್ಟೇ ಹೋದನೋ, ಅದನ್ನು ದಾಖಲಾತಿ ಪುಸ್ತಕವು ಹೇಳದು. ಹುಳು ಸತ್ತ ಮೇಲೂ ಪ್ರತಿಕಾಯವು ಕೆಲ ಕಾಲ ಉಳಿಯುತ್ತದೆ. ಔಷಧ ಕೊಟ್ಟ ಮೇಲೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಬೇರೆ ಕೆಲವು ಹುಳುಗಳಿಂದಲೂ ಕುಳಿಗೆ ಬಣ್ಣ ಬರಬಹುದು. ಬೆರಳಿನ ರಕ್ತದ ಪಟ್ಟಿಯಾದರೋ ಹಾಜರಿ ಕರೆದಂತೆ: ಹುಳು ಬದುಕಿದ್ದರೆ 'ಇದ್ದೇನೆ ಸಾರ್' ಎನ್ನುತ್ತದೆ. ಆದಕಾರಣ ಊರಿನ ಸ್ಥಿತಿಯನ್ನು ಅರಿಯಲು ಮೂತ್ರವೂ, ಒಬ್ಬ ರೋಗಿಯ ವಿಷಯದಲ್ಲಿ ತೀರ್ಮಾನಿಸಲು ರಕ್ತವೂ ಉಚಿತವೆಂದು ನನ್ನ ತಿಳಿವಳಿಕೆ. ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮವು ನಡೆಯುತ್ತಿರುವುದೂ ರಾತ್ರಿಯ ರಕ್ತ ಮತ್ತು ಬೆರಳಿನ ಪಟ್ಟಿಗಳಿಂದಲೇ. ಮೂತ್ರದ ಪರೀಕ್ಷೆಯು ಬಹುಮಟ್ಟಿಗೆ ಸಂಶೋಧಕರ ಕೈಯಲ್ಲಿಯೇ ಉಳಿದಿದೆ. ಅಂಗಡಿಯ ಪ್ರಯೋಗಶಾಲೆಗೆ ಹೋಗಿ ಸಾಮಾನ್ಯ ಮೂತ್ರಪರೀಕ್ಷೆ ಮಾಡಿಸಿ, ಆನೆಕಾಲು ಇಲ್ಲವೆಂದು ಯಾರೂ ಸಮಾಧಾನಪಟ್ಟುಕೊಳ್ಳಬಾರದು. ಅದು ಇದಲ್ಲ.

ಈಗ ಸುರಪುರದ ಮಗುವಿಗೆ ಬರೋಣ. ನಮ್ಮ ರಾಜ್ಯದಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಬಾಗಲಕೋಟೆ, ವಿಜಯಪುರಗಳನ್ನೂ ಕರಾವಳಿಯ ಮೂರು ಜಿಲ್ಲೆಗಳನ್ನೂ ಈ ರೋಗದ ನೆಲೆಗಳೆಂದು ಗುರುತಿಸಿದ್ದರು. ಬೆಂಗಳೂರು ಗ್ರಾಮಾಂತರವು ಆ ಪಟ್ಟಿಯಲ್ಲಿಲ್ಲ. ರಾಷ್ಟ್ರೀಯ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮವು 1955ರಲ್ಲಿ ಆರಂಭವಾಯಿತು. ಊರಿಗೆ ಊರೇ ಗುಳಿಗೆ ನುಂಗುವ ಪದ್ಧತಿಯು 2004ರಿಂದ ದೇಶದಲ್ಲಿ ವ್ಯಾಪಕವಾಗಿ ನಡೆಯಿತು. ಡಿಇಸಿ, ಆಲ್ಬೆಂಡಜೋಲ್‌ಗಳ ಜೊತೆಗೆ ಐವರ್ಮೆಕ್ಟಿನ್ ಎಂಬ ಮೂರನೆಯ ಔಷಧವನ್ನೂ ಕೂಡಿಸುವ ಕ್ರಮವನ್ನು ದೇಶದಲ್ಲಿ ಮೊದಲು ಕೈಗೊಂಡ ಐದು ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಈ ಮೂರನೆಯ ಔಷಧದ ಮೂಲವು ಜಪಾನಿನ ಒಂದು ಹಿಡಿ ಮಣ್ಣಿನಲ್ಲಿ ಸಿಕ್ಕಿತು. ಅದಕ್ಕಾಗಿ ಸತೋಶಿ ಒಮುರ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರ ನೊಬೆಲ್ ಬಹುಮಾನವು ಬಂದಿತು.

ಗುಳಿಗೆ ಹಂಚುವವರು ಸುರಪುರದ ಮನೆಯ ಬಾಗಿಲು ತಟ್ಟಿದ ದಿನ ಈ ಸಂಸಾರವು ದೊಡ್ಡಬಳ್ಳಾಪುರದಲ್ಲಿತ್ತು. ಅಲ್ಲಿಯ ಶಾಲೆಯಲ್ಲಿ ಆರೇಳು ವರ್ಷದ ಮಕ್ಕಳ ಬೆರಳಿನ ರಕ್ತವನ್ನು ನೋಡಿ ಊರಿನ ಸ್ಥಿತಿಯನ್ನು ನಿರ್ಣಯಿಸುವ ಕಾಲಕ್ಕೆ, ಮಗುವು ನಮ್ಮೂರಿನ ಶಾಲೆಯಲ್ಲಿ ಮಗ್ಗಿ ಹೇಳುತ್ತಿರುತ್ತದೆ. ಇಲ್ಲಿ ಕೊಡುವವರಿಲ್ಲ, ಏತಕ್ಕೆಂದರೆ ಇದು ರೋಗದ ಜಿಲ್ಲೆಯಲ್ಲ. ಅಲ್ಲಿ ಸಿಕ್ಕುವುದಿಲ್ಲ, ಏತಕ್ಕೆಂದರೆ ಮಗು ಅಲ್ಲಿಲ್ಲ. ಹಾಸಿಗೂ ಹೊಕ್ಕಿಗೂ ಸಿಕ್ಕದೆ ಹೊರಗುಳಿದ ಎಳೆಯ ಹಾಗೆ. ನಮ್ಮ ಮಗ್ಗಗಳಿಗೆ, ಕಟ್ಟಡಗಳಿಗೆ, ಕಾರ್ಖಾನೆಗಳಿಗೆ ದೂರದಿಂದ ಬಂದವರ ಮಕ್ಕಳಲ್ಲಿ ಇಂಥವರು ಎಷ್ಟು ಮಂದಿಯೋ! ಇಂಥಲ್ಲಿಯೇ ಆ ಮೂತ್ರದ ಸೀಸೆಯು ಸಾರ್ಥಕವಾಗಬಹುದೆಂದು ನನಗೆ ತೋರುತ್ತದೆ. ವಲಸೆ ಬಂದವರ ಮಕ್ಕಳಿರುವ ಶಾಲೆಗಳಲ್ಲಿ ವರ್ಷಕ್ಕೊಂದು ಬೆಳಗ್ಗೆ ಸೀಸೆಗಳನ್ನು ಕೂಡಿಸಿ, ಬಣ್ಣ ಬಂದವರನ್ನು ಮಾತ್ರ ರಕ್ತಪರೀಕ್ಷೆಗೆ ಕರೆದರೆ, ನೂರು ಮಕ್ಕಳನ್ನು ಚುಚ್ಚುವ ಬದಲು ಕೆಲವರನ್ನು ಚುಚ್ಚಿದರೆ ಸಾಕು. ಆ ಬಣ್ಣದಿಂದ ಯಾವ ಮಗುವಿಗೂ ಹೆಸರಿಡಬಾರದೆಂಬುದು ನನ್ನ ಷರತ್ತು. ಕಾಗದವು ವೈದ್ಯರಿಗೂ ತಂದೆತಾಯಿಗಳಿಗೂ ಹೊರತು ಬೇರೊಬ್ಬರ ಕೈಗೆ ಹೋಗಕೂಡದು. ಹೆಣ್ಣು ಮಗುವಾದರಂತೂ ಹೋಗಲೇಕೂಡದು.

ನಮ್ಮೂರಿಗೆ ಅಪಾಯವೇ ಇಲ್ಲವೆ? ಕ್ಯೂಲೆಕ್ಸ್ ಸೊಳ್ಳೆಗೆ ನಮ್ಮಲ್ಲಿ ಬರವಿಲ್ಲ. ತೆರೆದ ಚರಂಡಿ, ಮುಚ್ಚಳ ಸಡಿಲವಾದ ಶೌಚದ ಗುಂಡಿ, ಪಾತ್ರೆ ತೊಳೆದ ನೀರಿನ ಮಡು ಇವೇ ಅದರ ತವರುಮನೆಗಳು. ಆ ತವರುಮನೆಗಳನ್ನು ಮುಚ್ಚುವುದು ವಠಾರದವರ ಕೆಲಸ, ಬಿಡಾರ ಬಿಡಿಸುವುದಲ್ಲ. ನಾನು ಹೋಗಿ ನೋಡಿದಾಗ ಆ ಹಟ ಹಿಡಿದವರ ಮನೆಯ ಹಿಂದೆಯೇ ಮೊಣಕಾಲುದ್ದದ ಕೊಳಚೆ ನಿಂತಿದ್ದಿತು.

ಕಾಲು ಬಾತ ಆ ತಾಯಿಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸಂವತ್ಸರ ದಾಟಿದುದನ್ನು ಬಿಟ್ಟುಬಿಡತಕ್ಕದ್ದೆಂಬ ಹಳೆಯ ಮಾತನ್ನು ಈಗಿನ ವೈದ್ಯರು ಒಪ್ಪುವುದಿಲ್ಲ. ಪ್ರತಿದಿನ ಸಾಬೂನಿನಿಂದ ಕಾಲನ್ನು ತೊಳೆದು, ಬೆರಳುಗಳ ಸಂದುಗಳನ್ನು ಮೆತ್ತನೆಯ ಬಟ್ಟೆಯಿಂದ ಒರಸಿ ಒಣಗಿಸತಕ್ಕದ್ದು, ಬಿರುಕಿದ್ದರೆ ಮುಲಾಮು ಹಚ್ಚತಕ್ಕದ್ದು, ಕುಳಿತಾಗ, ಮಲಗಿದಾಗ ಕಾಲನ್ನು ಎತ್ತರದಲ್ಲಿಡತಕ್ಕದ್ದು, ಪಾದವನ್ನು ಮೇಲೆ ಕೆಳಗೆ ಆಡಿಸತಕ್ಕದ್ದು, ಬರಿಗಾಲಿನಲ್ಲಿ ಓಡಾಡಬಾರದು. ಇಷ್ಟರಿಂದಲೇ ಮೇಲಿಂದ ಮೇಲೆ ಬರುವ ಜ್ವರವೂ ಕೆಂಪೂ ತಗ್ಗಿ, ಬಾವು ಹೆಚ್ಚದಂತೆ ನಿಲ್ಲುತ್ತದೆ; ಆರಂಭದಲ್ಲಿದ್ದರೆ ಇಳಿಯುವುದೂ ಉಂಟು. ಗಂಡಸರಿಗೆ ಬರುವ ವೃಷಣದ ನೀರುಬಾವನ್ನು ಶಸ್ತ್ರಚಿಕಿತ್ಸೆಯಿಂದ ಪೂರ್ತಿಯಾಗಿ ವಾಸಿಮಾಡಬಹುದು. ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳುವವರೇ ಹೆಚ್ಚು. ಮೂತ್ರವು ಹಾಲಿನಂತೆ ಬೆಳ್ಳಗೆ ಬಂದರೆ, ಉಷ್ಣವೆಂದು ಎಳನೀರು ಕುಡಿದು ಕಾಯದೆ ವೈದ್ಯರಿಗೆ ತೋರಿಸಬೇಕು. ನಿಮ್ಮ ಬಂಧುಗಳು ರೋಗದ ಜಿಲ್ಲೆಗಳಲ್ಲಿದ್ದರೆ, ಗುಳಿಗೆ ತಂದವರ ಎದುರಿನಲ್ಲಿಯೇ ನುಂಗುವಂತೆ ಬರೆಯಿರಿ. ಎರಡು ವರ್ಷದೊಳಗಿನ ಶಿಶುಗಳೂ ಗರ್ಭಿಣಿಯರೂ ತೀವ್ರ ಕಾಯಿಲೆಯವರೂ ಮಾತ್ರ ನುಂಗತಕ್ಕದ್ದಲ್ಲ. ಐವರ್ಮೆಕ್ಟಿನ್ ಕೂಡಿದ್ದರೆ ಐದು ವರ್ಷದೊಳಗಿನವರಿಗೆ ಅದನ್ನು ಕೊಡುವುದಿಲ್ಲ. ನುಂಗಿದ ರಾತ್ರಿ ಕೆಲವರಿಗೆ ಜ್ವರ, ತಲೆನೋವು ಬರುವುದು. ಒಳಗೆ ಮರಿಗಳು ಸಾಯುತ್ತಿರುವುದರಿಂದ ಅದು. ಹೆದರಿಕೊಂಡು ಊರೆಲ್ಲಾ ಗುಳಿಗೆಯನ್ನು ಬೈಯಬಾರದು.

ಮಗುವಿನ ತಂದೆಯು ಹಬ್ಬಕ್ಕೆ ಊರಿಗೆ ಹೋದಾಗ ಅಲ್ಲಿಯ ಆರೋಗ್ಯ ಕೇಂದ್ರದಲ್ಲಿ ಮಗುವಿನ ಬೆರಳಿನ ರಕ್ತವನ್ನು ಪರೀಕ್ಷಿಸಿದರು. ಪಟ್ಟಿಯಲ್ಲಿ ಒಂದೇ ಗೆರೆ ಮೂಡಿತಂತೆ, ಅಂದರೆ ಇಲ್ಲ. ಮುಂದಿನ ಸಲ ಗುಳಿಗೆ ಹಂಚುವ ತಿಥಿಯನ್ನು ತಿಳಿಸಬೇಕೆಂದು ಅಲ್ಲಿಯ ಆಶಾ ಕಾರ್ಯಕರ್ತೆಗೆ ದೂರವಾಣಿಯ ಸಂಖ್ಯೆ ಕೊಟ್ಟು ಬಂದಿದ್ದಾನೆ. ಮಗು ಈಗ ಸಂಜೆಯ ಹೊತ್ತು ನನ್ನಲ್ಲಿಗೆ ಕಾಗುಣಿತಕ್ಕೆ ಬರುತ್ತದೆ. ಕೊಟ್ಟ ಕೊಬ್ಬರಿ ಮಿಠಾಯಿಯಲ್ಲಿ ಅರ್ಧವನ್ನು ಅವ್ವನಿಗೆಂದು ಲಂಗದ ತುದಿಯಲ್ಲಿ ಕಟ್ಟಿಕೊಳ್ಳುತ್ತದೆ.

ನನ್ನ ವಿದ್ಯಾರ್ಥಿಯು ವಠಾರದ ಚರಂಡಿಗೆ ಕಲ್ಲು ಹೊದಿಸಲು ಆರಂಭಿಸಿದ್ದಾನೆ, ಅರ್ಧವಾಗಿದೆ. ಬಿಡಾರವನ್ನು ಬಿಡಿಸುವ ಮಾತು ನಿಂತಿತು. ಅವನ ತಾಯಿಯು, ಮೊದಲು ಎಲ್ಲರಿಗಿಂತ ಹೆಚ್ಚು ಹೆದರಿದ್ದವರು, ಮೊನ್ನೆ ತಮ್ಮ ಹಳೆಯ ಹತ್ತಿಸೀರೆಯೊಂದನ್ನು ಹರಿದು ಒಗೆದು ಮಡಿಸಿ, ಕಾಲಿನ ಬೆರಳ ಸಂದು ಒರಸಿಕೊಳ್ಳಲಿ ಎಂದು ಆ ಹುಡುಗಿಗೆ ಕಳುಹಿಸಿಕೊಟ್ಟರು.